ಬೇಡದವರ ಬೆಲೆ

ಭಾನುವಾರ ಬೆಳಿಗ್ಗೆ ನಾನು ಹಲ್ಲುಜ್ಜುವ ಮೊದಲೇ ನಮ್ಮ ಮನೆಯ ಗೇಟಿನ ಮುಂದೆ ಐದಾರು ಜನ ಚೀಟಿ ಹಿಡಿದು ನಿಂತಿರುತ್ತಿದ್ದರು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಒಬ್ಬರಿಗೆ ಮಗಳ ಸೀಮಂತಕ್ಕೆ ಹಸಿರು ಸೀರೆ, ಒಬ್ಬರಿಗೆ ಮಿಕ್ಸಿ, ಇನ್ನೊಬ್ಬರಿಗೆ ಮೊಮ್ಮಗನ ಕ್ರಿಕೆಟ್ ಬ್ಯಾಟು. ದುಡ್ಡನ್ನು ನನ್ನ ಕೈಗಿಟ್ಟು, "ನಿಮಗೇನೂ ಬೇಡವಲ್ಲ ಸರ್ವಮಂಗಳಕ್ಕ, ನೀವೇ ತಂದ್ಕೊಡಿ" ಎನ್ನುತ್ತಿದ್ದರು. ಹೊಗಳುತ್ತಿದ್ದೇವೆ ಎಂದುಕೊಂಡೇ ಹೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮೂರಿನ ಅಂಗಡಿಗಳಲ್ಲಿ ಪ್ರತಿ ಸಾಮಾನಿನ ಪಕ್ಕದಲ್ಲೂ ಒಂದು ಸ್ಲೇಟು ತೂಗುಹಾಕಿರುತ್ತಾರೆ. ಅದರ ಮೇಲೆ ಯಾರೂ ಬರೆಯುವುದಿಲ್ಲ. ಗಿರಾಕಿ ಬಂದು ಎದುರಿಗೆ ನಿಂತರೆ ಬೆಲೆ ತಾನೇ ಮೂಡುತ್ತದೆ. ಎಷ್ಟು ಆಸೆಯೋ ಅಷ್ಟು ಬೆಲೆ. ಅಂಗಡಿಯವನು ಪಾಪ ಎಂದು ಹತ್ತು ರೂಪಾಯಿ ಬಿಟ್ಟರೆ ಸಾಮಾನು ಇದ್ದ ಜಾಗದಿಂದ ಅಲ್ಲಾಡುವುದಿಲ್ಲ. ಒಂದು ಬಾಚಣಿಗೆಯನ್ನು ಎತ್ತಲು ಇಬ್ಬರು ಗಂಡಸರು ಒದ್ದಾಡಿದ್ದನ್ನು ನಾನೇ ನೋಡಿದ್ದೇನೆ. ಹಾಗಾಗಿ ನಾವು ಮಕ್ಕಳಿಗೆ ನಡೆಯಲು ಕಲಿಸಿದ ಮೇಲೆ ಮೊದಲು ಕಲಿಸುವುದು ಅಂಗಡಿಯೊಳಗೆ ಫ್ಯಾನು ನೋಡುತ್ತಾ ಮಗ್ಗಿ ಹೇಳುವುದನ್ನು. ಔಷಧಿ ತರಲು ನಮ್ಮ ಜೊತೆ ಮಾತು ಬಿಟ್ಟ ಪಕ್ಕದ ಮನೆಯವರನ್ನು ಕಳಿಸುತ್ತೇವೆ, ನಾವು ಗುಣವಾಗಲೆಂಬ ಆಸೆ ಅವರಿಗಿಲ್ಲದ್ದರಿಂದ ಬೆಲೆ ಏರುವುದಿಲ್ಲ. ಅವರ ಔಷಧಿ ನಾವು ತರುತ್ತೇವೆ. ಇದಕ್ಕೆಂದೇ ಪ್ರತಿ ಮನೆಯೂ ಒಂದು ಜಗಳವನ್ನು ಆರದಂತೆ ಕಾಪಾಡಿಕೊಂಡಿರುತ್ತದೆ. ಜಗಳ ಹಳತಾಯಿತು ಅನ್ನಿಸಿದರೆ ಹಬ್ಬಕ್ಕೆ ಮುಂಚೆ ಕಾಂಪೌಂಡಿನ ಹತ್ತಿರ ನಿಂತು ನಾಲ್ಕು ಮಾತಾಡಿ ಹೊಸದು ಮಾಡಿಕೊಳ್ಳುತ್ತೇವೆ.

ನಾನು ಹುಟ್ಟುತ್ತಲೇ ಆಸೆಯಿಲ್ಲದವಳೇನಲ್ಲ. ಒಂಬತ್ತನೇ ವಯಸ್ಸಿನಲ್ಲಿ ಒಂದು ನೀಲಿ ಕೊಡೆಯ ಮುಂದೆ ನಿಂತೆ. ಅಂಚಿಗೆ ಬಿಳಿ ಹೂವಿತ್ತು. ಸ್ಲೇಟಿನ ಮೇಲೆ ಅಮ್ಮನ ಮೂರು ತಿಂಗಳ ಸಂಬಳಕ್ಕಿಂತ ಹೆಚ್ಚು ಮೂಡಿತು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ಅಮ್ಮ ನನ್ನ ಕೈ ಹಿಡಿದು ಎಳೆದುಕೊಂಡು ಬಂದಳು. ಆಮೇಲೆ ನಾನು ಯಾವುದರ ಮುಂದೆಯೂ ಹಾಗೆ ನಿಲ್ಲಲಿಲ್ಲ. ಮೊದಮೊದಲು ಕಷ್ಟಪಟ್ಟು ಬೇಡ ಅಂದುಕೊಳ್ಳುತ್ತಿದ್ದೆ, ಬರಬರುತ್ತ ನಿಜವಾಗಿಯೂ ಬೇಡವಾಯಿತು. ಊರಿನಲ್ಲಿ ಯಾರಿಗಿಂತಲೂ ಕಡಿಮೆ ಬೆಲೆ ನನಗೇ. ಹಾಗೆ ಕೊಂಡ ತಿಂಡಿಗೆ ರುಚಿ ಇರುತ್ತಿರಲಿಲ್ಲ ಎಂಬುದನ್ನು ಯಾರಿಗೂ ಹೇಳಲಿಲ್ಲ.

ನಾನು ಕೆಲಸ ಮಾಡುವುದು ಊರಿನ ಪತ್ತಿನ ಸಂಘದಲ್ಲಿ. ನಮ್ಮ ಅಧ್ಯಕ್ಷರು ಶಿವನಂಜಪ್ಪನವರು ಹೋದ ವರ್ಷ ಹೊರಗಿನ ಯಾವುದೋ ಊರಿಗೆ ಮೂರು ದಿನದ ತರಬೇತಿಗೆ ಹೋಗಿ, ಬಣ್ಣದ ಕೈಪಿಡಿಯೊಂದನ್ನು ಹಿಡಿದುಕೊಂಡು ಬಂದರು. ಆ ಊರುಗಳಲ್ಲಿ ಬೆಲೆಯನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿರುತ್ತಾರಂತೆ, ಯಾರು ನಿಂತರೂ ಅದೇ ಬೆಲೆಯಂತೆ. ಅಂಥ ಊರಿನ ಕೈಪಿಡಿ ನಮಗೇಕೆ ಎಂದು ಕೇಳುವಷ್ಟರಲ್ಲಿ ಅವರು ನನ್ನ ಮೇಜಿನ ಮೇಲೆ ಅದನ್ನು ಇಟ್ಟಾಗಿತ್ತು.

"ಹದಿನೆಂಟರಿಂದ ಇಪ್ಪತ್ತೈದರವರೆಗಿನ ಹುಡುಗರು ನೋಡಿ ಸರ್ವಮಂಗಳಾ. ಸಂಬಳ ಬಂದ ನಾಲ್ಕು ದಿನಕ್ಕೆ ಖಾಲಿ. ಅವರಿಗೆ ದುಡ್ಡಿನ ತಿಳಿವಳಿಕೆ ಬರೋ ಹಾಗೆ ಒಂದು ಆ್ಯಪ್ ಮಾಡ್ಬೇಕು. ನೀವು ಪುಟಗಳನ್ನೆಲ್ಲಾ ಬರ್ದುಕೊಡಿ, ಮಕ್ಸೂದ್ ಅದನ್ನ ಫೋನಿಗೆ ಹಾಕ್ತಾನೆ."

"ನಾನ್ಯಾಕೆ ಸಾರ್?"

"ನಿಮ್ಮಷ್ಟು ಉಳಿಸೋರು ಯಾರಿದ್ದಾರೆ ಈ ಊರಲ್ಲಿ?"

ಅವರು ಅಷ್ಟು ಹೇಳಿ ಹೊರಟುಹೋದರು. ಸಂಘದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮಕ್ಸೂದ್ ಎದುರಿನ ಕುರ್ಚಿಯಲ್ಲಿ ಕೂತು, "ಏನಾದ್ರೂ ಬರೀರಿ ಮೇಡಂ, ಬೇಗ ಮುಗಿಸೋಣ" ಎಂದ. ಮುಗಿಯಲು ಐದು ತಿಂಗಳು ಹಿಡಿಯಿತು.

ಮೊದಲ ಪುಟಗಳಲ್ಲಿ ತಪ್ಪೇನೂ ಇರಲಿಲ್ಲ. ಬಂದದ್ದು ಎಷ್ಟು, ಹೋದದ್ದು ಎಷ್ಟು, ಟೀಗೆ ಎಷ್ಟು, ಬಸ್ಸಿಗೆ ಎಷ್ಟು. ಬಾಡಿಗೆಯನ್ನು ಮೊದಲೇ ಎತ್ತಿಡುವ ಒಂದು ಡಬ್ಬಿ. ತೆರೆದ ತಕ್ಷಣ 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂದು ಬರಬೇಕೆಂದು ಅಧ್ಯಕ್ಷರು ಹಟ ಹಿಡಿದರು, ಹಾಕಿದೆ. ಆಮೇಲೆ ಅವರು ಕೈಪಿಡಿಯ ಹದಿನಾಲ್ಕನೇ ಪುಟವನ್ನು ತೆರೆದು ತೋರಿಸಿದರು. 'ಗುರಿ ಇಟ್ಟುಕೊಳ್ಳಿ. ಗುರಿಯ ಚಿತ್ರ ಅಂಟಿಸಿ. ದಿನವೂ ನೋಡಿ.'

"ಸಾರ್, ಇದು ನಮ್ಮೂರಿಗೆ ಆಗಲ್ಲ. ದಿನಾ ನೋಡಿದ್ರೆ ಆಸೆ ಬೆಳೆಯುತ್ತೆ. ಆಸೆ ಬೆಳೆದ್ರೆ..."

"ಎಲ್ಲಾ ಕಡೆ ಹೀಗೇನಮ್ಮ ಮಾಡೋದು."

"ಎಲ್ಲಾ ಕಡೆ ಸ್ಲೇಟಿಲ್ಲ ಸಾರ್."

"ಗುರಿಯ ಪುಟ ಇಲ್ಲದ ಆ್ಯಪ್‌ಗೆ ಪ್ರಶಸ್ತಿ ಕೊಡಲ್ಲ" ಎಂದರು ಅಧ್ಯಕ್ಷರು. ಪ್ರಶಸ್ತಿಯ ವಿಷಯವನ್ನು ನಾನು ಕೇಳಿದ್ದು ಅದೇ ಮೊದಲು. ಒಂದು ವಾರ ವಾದ ಮಾಡಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕೊನೆಗೆ ಸಾಕಾಗಿ ಗುರಿಯ ಪುಟ ಬರೆದುಕೊಟ್ಟೆ. ಬರೆಯಬಾರದಿತ್ತು, ಗೊತ್ತಿದ್ದೂ ಬರೆದೆ. ಮಕ್ಸೂದ್ ತನ್ನ ಕಡೆಯಿಂದ ಇನ್ನೊಂದು ಸೇರಿಸಿದ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಫೋನು ಟಿಂಗೆಂದು, 'ನಿಮ್ಮ ಗುರಿ ನಿಮಗಾಗಿ ಕಾಯುತ್ತಿದೆ' ಎಂದು ಚಿತ್ರ ತೋರಿಸುತ್ತಿತ್ತು.

ನಲವತ್ತು ಹುಡುಗ ಹುಡುಗಿಯರಿಗೆ ಪರೀಕ್ಷೆಗೆಂದು ಕೊಟ್ಟೆವು. ಅವರಲ್ಲಿ ಒಬ್ಬಳು ನೇತ್ರ. ಇಪ್ಪತ್ತು ವರ್ಷ, ಸಂಘದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ, ಅಜ್ಜಿಯ ಜೊತೆ ಒಂದು ಕೋಣೆಯ ಬಾಡಿಗೆ ಮನೆ. ಅವಳ ಗುರಿ ಒಂದು ಕಬ್ಬಿನ ಗಾಣ. ಹಳೇ ಸಾಮಾನು ಮಾರುವ ಗುಜರಿ ದೊಡ್ಡಯ್ಯನ ಅಂಗಡಿಯಲ್ಲಿತ್ತು. ಕೈಯಲ್ಲಿ ತಿರುಗಿಸುವ ದೊಡ್ಡ ಚಕ್ರ, ಚಕ್ರಕ್ಕೆ ಗೆಜ್ಜೆ. ಪುರಸಭೆಯವರು ಚೀಟಿ ಎತ್ತಿದಾಗ ಬಸ್‌ಸ್ಟ್ಯಾಂಡಿನ ಗೇಟಿನ ಪಕ್ಕದ ಜಾಗ ಅವಳ ಹೆಸರಿಗೆ ಬಂದಿತ್ತು. ಮಾರ್ಚ್ ಮೂವತ್ತೊಂದರ ಸಂಜೆಯೊಳಗೆ ಅಲ್ಲಿ ವ್ಯಾಪಾರದ ಸಾಮಾನು ಇಡಬೇಕು. ಇಡದಿದ್ದರೆ ಜಾಗ ಪಟ್ಟಿಯಲ್ಲಿರುವ ಮುಂದಿನವರಿಗೆ. ಮತ್ತೆ ಚೀಟಿ ಎತ್ತುವುದು ಐದು ವರ್ಷದ ನಂತರ.

ಮಾರ್ಚ್ ಎರಡನೇ ವಾರ ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಬಹುದಿತ್ತು.

"ಅಕ್ಕ, ನಿಮ್ಮ ಆ್ಯಪ್ ಹೇಳಿದ ಹಾಗೇ ಮಾಡಿದೆ. ಟೀ ಬಿಟ್ಟೆ. ಬಸ್ ಬಿಟ್ಟು ನಡ್ಕೊಂಡು ಬಂದೆ. ಮೊದಲನೇ ಸಲ ಗಾಣ ನೋಡಿದಾಗ ಸ್ಲೇಟಲ್ಲಿ ಏಳು ಸಾವಿರ ಇತ್ತು. ಏಳು ಸಾವಿರ ಕೂಡಿಟ್ಟೆ. ನಿನ್ನೆ ತಗೊಂಡು ಹೋದ್ರೆ ಹತ್ತೊಂಬತ್ತು ಸಾವಿರ ಅಂತಿದೆ. ಈಗ ನಾನು ಯಾರನ್ನ ಕೇಳ್ಲಿ?"

ಅವಳ ಫೋನಿನಲ್ಲಿ ಗಾಣದ ಚಿತ್ರವಿತ್ತು. ಎಪ್ಪತ್ತಮೂರು ಬೆಳಿಗ್ಗೆ ನೋಡಿದ್ದಳು. ಅವಳೊಬ್ಬಳೇ ಅಲ್ಲ. ಶೂ ಬೇಕೆಂದವನಿಗೆ ಶೂ ಸ್ಕೂಟರಿನ ಬೆಲೆಗೆ ಏರಿತ್ತು, ಸ್ಕೂಟರು ಬೇಕೆಂದವನು ಅಂಗಡಿಯ ಬಾಗಿಲಿನಿಂದಲೇ ವಾಪಸು ಬಂದಿದ್ದ. ಹುಚ್ಚು ಬಿಡುವವರೆಗೆ ಮದುವೆಯಿಲ್ಲ, ಮದುವೆಯಾಗುವವರೆಗೆ ಹುಚ್ಚು ಬಿಡುವುದಿಲ್ಲ. ನಲವತ್ತು ಮಕ್ಕಳೂ ಪೈಸೆಗೆ ಪೈಸೆ ಉಳಿಸಿದ್ದರು, ಉಳಿಸಿದಷ್ಟೂ ದೂರವಾಗಿದ್ದರು. ಇದನ್ನು ಮಾಡಿದ್ದು ನಾನು. ಅಧ್ಯಕ್ಷರ ಮೇಲೆ ಎಷ್ಟು ಕೋಪ ಬಂದಿತ್ತೋ ಅದಕ್ಕಿಂತ ಹೆಚ್ಚು ನನ್ನ ಮೇಲೆಯೇ ಬಂತು.

ಗುರಿಯ ಪುಟವನ್ನು ಕಿತ್ತು ಹಾಕಿದೆವು. ಅದರ ಜಾಗದಲ್ಲಿ ನಮ್ಮೂರಿನ ಹಳೇ ಪದ್ಧತಿಯನ್ನೇ ಕೂರಿಸಿದೆ. ನಿನಗೆ ಬೇಕಾದ ಸಾಮಾನಿನ ಹೆಸರು ಬರೆ. ಉಳಿದ ಮೂವತ್ತೊಂಬತ್ತು ಜನರ ಫೋನಿಗೆ 'ಇದು ನಿಮಗೆ ಬೇಕಾ?' ಎಂದು ಹೋಗುತ್ತದೆ. ಯಾರು ಎಲ್ಲರಿಗಿಂತ ಬೇಗ 'ಬೇಡ' ಒತ್ತುತ್ತಾರೋ ಅವರು ನಿನಗಾಗಿ ಹೋಗಿ ತರುತ್ತಾರೆ. ನಿನ್ನ ಹೆಸರು ಹೇಳುವಂತಿಲ್ಲ, ಯಾಕೆ ಬೇಕೆಂದು ಹೇಳುವಂತಿಲ್ಲ, ತಂದವರಿಗೆ ಥ್ಯಾಂಕ್ಸ್ ಕೂಡ ಹೇಳುವಂತಿಲ್ಲ. ಅಧ್ಯಕ್ಷರು ಇದನ್ನು ನೋಡಿ, "ಕೇಳೋರು ತರೋರು ಪರಸ್ಪರ ಮಾತಾಡ್ಲಿಕ್ಕೆ ಒಂದು ಜಾಗ ಬೇಡ್ವಾ? ಕೈಪಿಡಿಯಲ್ಲಿ ಸ್ನೇಹ ಸಂಪರ್ಕ ಅಂತ ಇದೆ" ಎಂದರು.

"ಸ್ನೇಹ ಆದ್ರೆ ಬೆಲೆ ಏರುತ್ತೆ ಸಾರ್."

"ನೀವು ಎಲ್ಲಕ್ಕೂ ಅಡ್ಡಗಾಲು" ಎಂದು ಎದ್ದು ಹೋದರು. ಹೋಗುವಾಗ ಬೆಂಚಿನ ಮೇಲೆ ಕೂತಿದ್ದ ನೇತ್ರಳನ್ನು ನೋಡಿ, "ಯಾರಮ್ಮ ನೀನು?" ಎಂದು ಕೇಳಿದರು. ಉತ್ತರಕ್ಕೆ ಕಾಯಲಿಲ್ಲ.

ಹೊಸ ಪುಟ ಕೆಲಸ ಮಾಡಿತು. ಶೂವನ್ನು ಒಬ್ಬ ಹುಡುಗಿ ಇನ್ನೂರ ಎಂಬತ್ತಕ್ಕೆ ತಂದಳು. ಸ್ಕೂಟರು ಕೂಡ ಬಂತು. ಬಾರದೆ ಉಳಿದದ್ದು ಗಾಣ ಒಂದೇ. ಮಾರ್ಚ್ ಬಿಸಿಲಿನಲ್ಲಿ ಕಬ್ಬಿನ ಗಾಣ ಬೇಕಾ ಎಂದರೆ ಬೇಡ ಒತ್ತಲು ಯಾರ ಬೆರಳೂ ಮುಂದಾಗಲಿಲ್ಲ. ಸಾಲದ್ದಕ್ಕೆ ನೇತ್ರ ತನ್ನ ಗಾಣದ ವಿಷಯವನ್ನು ಆಗಲೇ ಎಲ್ಲರಿಗೂ ಹೇಳಿಕೊಂಡಿದ್ದಳು, ಎಲ್ಲರೂ ಅವಳು ಕಬ್ಬಿನ ಹಾಲು ಕೊಡುವ ದಿನಕ್ಕೆ ಕಾಯುತ್ತಿದ್ದರು. ಮಕ್ಸೂದ್ ನಾನೇ ನೋಡುತ್ತೇನೆ ಎಂದು ಹೋದ. ಚಕ್ರ ಒಂದು ಸುತ್ತು ತಿರುಗಿಸಿದನಂತೆ, ಗೆಜ್ಜೆ ಸದ್ದು ಕೇಳಿ ಸ್ಲೇಟು ಹನ್ನೊಂದು ಸಾವಿರಕ್ಕೆ ಹೋಯಿತಂತೆ. "ತಿರುಗಿಸು ಅಂತ ನಿನಗೆ ಯಾರು ಹೇಳಿದ್ದು?" ಎಂದು ಬೈದೆ.

"ನಿಮ್ಮ ಬೀದಿಯಲ್ಲಿ ಮಾತು ಬಿಟ್ಟವರು ಯಾರೂ ಇಲ್ವೇನೇ?" ಎಂದು ನೇತ್ರಳನ್ನು ಕೇಳಿದೆ.

"ಬಂದು ಒಂದೇ ವರ್ಷ ಆಯ್ತಕ್ಕ. ಜಗಳ ಮಾಡಿಕೊಳ್ಳೋಕೆ ಇನ್ನೂ ಪುರುಸೊತ್ತು ಆಗಿಲ್ಲ."

ಹಾಗಾಗಿ ನಾನೇ ಹೋಗುವುದೆಂದು ಆಯಿತು. ನಾನು ಮೊದಲೇ ಹೋಗಬಹುದಿತ್ತು, ನಿಜ. ಆದರೆ ಹೊಸ ಪುಟ ಬರೆದದ್ದೇ ಜನ ನನ್ನ ಗೇಟಿಗೆ ಬರುವುದು ನಿಲ್ಲಲಿ ಎಂದು. ಅದು ಸೋತಿತು ಎಂದು ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಜೊತೆಗೆ ವರ್ಷದ ಲೆಕ್ಕ ಮುಗಿಸುವ ಸಮಯ, ಮೂವತ್ತೊಂದರ ತನಕ ಬಿಡುವಿರಲಿಲ್ಲ. ಆ ಕೊನೆಯ ಮೂರು ದಿನ ನೇತ್ರ ಜೆರಾಕ್ಸ್ ಅಂಗಡಿಯ ಊಟದ ಹೊತ್ತಿನಲ್ಲಿ ಬಂದು ನನ್ನ ಮೇಜಿನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದಳು. ಎಲ್ಲಿ ನಾನು ಮರೆತುಬಿಡುತ್ತೇನೋ ಎಂಬ ಭಯ. ಅಧ್ಯಕ್ಷರು ದಿನವೂ ಹಾದು ಹೋಗುವಾಗ, "ಯಾರಮ್ಮ ನೀನು?" ಎನ್ನುತ್ತಿದ್ದರು.

"ನನಗೆ ಕಾರಣ ಹೇಳಬೇಡ" ಎಂದು ಮೊದಲ ದಿನವೇ ಎಚ್ಚರಿಸಿದ್ದೆ. ಅವಳು ಹೇಳುವುದಿಲ್ಲ ಎಂದು ತಲೆಯಾಡಿಸಿ, ಐದೇ ನಿಮಿಷಕ್ಕೆ ಹೇಳಿದಳು.

"ಜೆರಾಕ್ಸ್ ಅಂಗಡೀಲಿ ಯಾರೂ ನನ್ನ ಮುಖ ನೋಡಲ್ಲ ಅಕ್ಕ. ಮಿಷನ್ ನೋಡ್ತಾರೆ, ಕಾಗದ ಎಣಿಸ್ಕೊಂಡು ಹೋಗ್ತಾರೆ. ಗಾಣದ ಹತ್ರ ಹಾಗಲ್ಲ. ಲೋಟ ಕೈಗೆ ಬರೋವರೆಗೂ ಗಾಣ ತಿರುಗಿಸೋರ ಮುಖಾನೇ ನೋಡ್ತಾ ನಿಂತಿರ್ತಾರೆ. ನೀವು ಗಮನಿಸಿದ್ದೀರಾ?"

ಗಮನಿಸಿರಲಿಲ್ಲ. ಮಾರನೇ ದಿನ ಶುಂಠಿಯನ್ನು ಕಬ್ಬಿನ ನಡುವೆ ಇಟ್ಟು ಅರೆಯಬೇಕೇ ಹೊರತು ಆಮೇಲೆ ಹಿಂಡಬಾರದು ಎಂದು ವಿವರಿಸಿದಳು. ಅದರ ಮಾರನೇ ದಿನ, ತೋಳು ಗಟ್ಟಿಯಾಗಲೆಂದು ದಿನಾ ಬೆಳಿಗ್ಗೆ ಅಜ್ಜಿಯ ಒರಳಿನಲ್ಲಿ ಬರೀ ಗುಂಡು ತಿರುಗಿಸುತ್ತೇನೆ ಎಂದಳು. ನಾನು ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ. ಕಿವಿಗೆ ಮುಚ್ಚಳ ಇರುವುದಿಲ್ಲವಲ್ಲ.

ಮೂವತ್ತೊಂದರಂದು ಮಧ್ಯಾಹ್ನ ಮೂರಕ್ಕೆ ಗುಜರಿ ಅಂಗಡಿಗೆ ಹೋದೆವು. ನೇತ್ರಳನ್ನು ಹೊರಗಿನ ಮೆಟ್ಟಿಲ ಮೇಲೆ ಕೂರಿಸಿ ನಾನು ಒಳಗೆ ಹೋದೆ. ಹಳೇ ಸೈಕಲ್ಲು, ಕಿಟಕಿಯ ಸರಳುಗಳ ನಡುವೆ ಗಾಣವಿತ್ತು. ಸ್ಲೇಟಿನ ಮೇಲೆ ಮೂರು ಸಾವಿರದ ನಾನೂರು ಮೂಡಿತು. ದೊಡ್ಡಯ್ಯ, "ನಿಮ್ದು ಯಾವಾಗ್ಲೂ ಹೀಗೇ ಬಿಡಿ ತಾಯಿ" ಎಂದು ನಿಟ್ಟುಸಿರಿಟ್ಟ. ನಾನು ಚೀಲಕ್ಕೆ ಕೈ ಹಾಕಿದೆ. ಹಾಕುವಾಗ ಚಕ್ರದ ಹಿಡಿಯ ಕಡೆಗೆ ಕಣ್ಣು ಹೋಯಿತು. ಮರದ ಹಿಡಿ, ಯಾರ್ಯಾರೋ ತಿರುಗಿಸಿ ನುಣುಪಾಗಿತ್ತು. ಅವಳಿಗೆ ಇದು ಸ್ವಲ್ಪ ಎತ್ತರವಾಗುತ್ತದೆ, ಕಾಲ ಕೆಳಗೆ ಒಂದು ಮಣೆ ಬೇಕು ಎಂದುಕೊಂಡೆ. ಅಷ್ಟೇ ಅಂದುಕೊಂಡದ್ದು.

ಸ್ಲೇಟು ನಾಲ್ಕು ಸಾವಿರ ತೋರಿಸಿತು. ನೋಡನೋಡುತ್ತಲೇ ಆರಾಯಿತು. ನಾನು ಫ್ಯಾನು ಹುಡುಕಿದೆ, ಗುಜರಿ ಅಂಗಡಿಯಲ್ಲಿ ಫ್ಯಾನು ಕೂಡ ನೆಲದ ಮೇಲೆ ಬಿದ್ದಿತ್ತು. ಹದಿಮೂರರ ಮಗ್ಗಿ ಹೇಳಿದೆ. ಒಂಬತ್ತು ಸಾವಿರ. ನನಗೆ ಬೇಡ, ಏನೂ ಬೇಡ ಎಂದುಕೊಂಡೆ. ಹದಿನಾಲ್ಕು ಸಾವಿರ. ಅಧ್ಯಕ್ಷರ ಕೈಪಿಡಿಯನ್ನು ನೆನೆಸಿಕೊಂಡೆ, ಅದರಿಂದ ಸ್ವಲ್ಪ ಹೊತ್ತು ನಿಂತ ಹಾಗಾಗಿ ಮತ್ತೆ ಏರಿತು. ಇಪ್ಪತ್ತಮೂರು ಸಾವಿರಕ್ಕೆ ಬಂದಾಗ ದೊಡ್ಡಯ್ಯ ಕುರ್ಚಿಯಿಂದ ಎದ್ದು ನಿಂತ.

"ಏನ್ರಮ್ಮ ಇದು. ನಿಮ್ಮ ಮುಂದೆ ಸ್ಲೇಟು ಹೀಗೆ ಓಡಿದ್ದು ನಾನು ಕಂಡೇ ಇಲ್ಲ."

ನಾನು ಹೊರಗೆ ಬಂದೆ. ಸಿಟ್ಟು ಬಂದಿತ್ತು, ನಾಚಿಕೆಯೂ ಆಗಿತ್ತು, ಎಲ್ಲವನ್ನೂ ಅವಳ ಮೇಲೆಯೇ ಹಾಕಿದೆ. "ಬಡ್ಕೊಂಡೆ ನಿನಗೆ, ಕಾರಣ ಹೇಳಬೇಡ ಅಂತ. ಈಗ ನೋಡು."

ನೇತ್ರ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಮಾತು ಮಾತ್ರ ಮೆತ್ತಗೇ ಬಂತು. "ಹೇಳದೆ ಇದ್ದಿದ್ರೆ ನೀವು ಬರ್ತಾನೇ ಇರ್ಲಿಲ್ಲ ಅಕ್ಕ."

ನಾನು ಗಡಿಯಾರ ನೋಡಿದೆ. ಗಂಟೆ ನಾಲ್ಕಾಗುತ್ತ ಬಂದಿತ್ತು, ಆರಕ್ಕೆ ಪುರಸಭೆಯವನು ಗೇಟಿನ ಹತ್ತಿರ ಬಂದು ನೋಡುತ್ತಾನೆ. ಈ ಗಾಣವೂ ಬೇಡದ, ಈ ಹುಡುಗಿಯೂ ಬೇಡದ, ನಾನೂ ಬೇಡದ ಒಬ್ಬರು ಊರಿನಲ್ಲಿ ಯಾರಿದ್ದಾರೆ ಎಂದು ಯೋಚಿಸಿದೆ. ಹೆಚ್ಚು ಹೊತ್ತು ಬೇಕಾಗಲಿಲ್ಲ. ಫೋನು ತೆಗೆದು ಅಧ್ಯಕ್ಷರಿಗೆ ಮಾಡಿದೆ.

"ಸಾರ್, ಆ್ಯಪ್ ಪರೀಕ್ಷೆಗೆ ಗುಜರಿ ಅಂಗಡೀಲಿ ಒಂದು ಸಾಮಾನು ತಗೋಬೇಕು. ನೀವೇ ನಿಂತು ಕೊಂಡ್ರೆ ಪ್ರಶಸ್ತಿ ಅರ್ಜಿಗೆ ಚೆನ್ನಾಗಿರುತ್ತೆ. ಐದು ನಿಮಿಷ."

ಬಂದರು. ಕಾರು ನಿಲ್ಲಿಸುವಾಗಲೂ ಫೋನು ಕಿವಿಯಲ್ಲೇ ಇತ್ತು. ಅರ್ಜಿಯ ಜೊತೆ ಎಷ್ಟು ಫೋಟೋ ಲಗತ್ತಿಸಬೇಕು ಎಂದು ಯಾರನ್ನೋ ಕೇಳುತ್ತಿದ್ದರು. ನಾನು ನೇತ್ರಳ ದುಡ್ಡನ್ನು ಅವರ ಕೈಗಿಟ್ಟು ಒಳಗೆ ತೋರಿಸಿದೆ. ನಾವಿಬ್ಬರೂ ಬಾಗಿಲಿನಿಂದ ನೋಡಿದೆವು. ಅವರು ಗಾಣದ ಮುಂದೆ ನಿಂತರು. ಗಾಣದ ಕಡೆ ನೋಡಲಿಲ್ಲ. ಸ್ಲೇಟಿನ ಮೇಲೆ ಒಂದು ಸಾವಿರದ ಒಂಬೈನೂರು ಮೂಡಿತು. ನನಗೂ ಯಾವತ್ತೂ ಅಷ್ಟು ಇಳಿದಿರಲಿಲ್ಲ. ದೊಡ್ಡಯ್ಯ ತಲೆಯ ಮೇಲೆ ಕೈ ಹೊತ್ತುಕೊಂಡ. ಅಧ್ಯಕ್ಷರು ಎಣಿಸಿ ಕೊಟ್ಟು, ಉಳಿದದ್ದನ್ನು ನನ್ನ ಕೈಗೆ ಹಾಕಿ, ಫೋನಿನಲ್ಲಿ ಮಾತಾಡುತ್ತಲೇ ಮೆಟ್ಟಿಲಿಳಿದರು. ಕೊಂಡದ್ದು ಏನು ಎಂದು ಕೇಳಲಿಲ್ಲ. ನೇತ್ರ ಅಷ್ಟರಲ್ಲಿ ಕೆಳಗಿಳಿದು ಎರಡೂ ಕೈ ಮುಗಿದು ನಿಂತಿದ್ದಳು. ಅವರು ಫೋನನ್ನು ಸ್ವಲ್ಪ ಸರಿಸಿ, "ಯಾರಮ್ಮ ನೀನು?" ಎಂದರು.

ಐದೂವರೆಗೆ ಗಾಣ ಬಸ್‌ಸ್ಟ್ಯಾಂಡಿನ ಗೇಟಿನ ಪಕ್ಕ ಇತ್ತು. ಪುರಸಭೆಯವನು ಬಂದು, ನೋಡಿ, ಸಹಿ ಹಾಕಿ ಹೋದ.

ಅಧ್ಯಕ್ಷರನ್ನು ಅವರಿಗೆ ಹೇಳದೆಯೇ ಆ್ಯಪ್‌ನಲ್ಲಿ ಸೇರಿಸಿದ್ದೇವೆ. ಕಷ್ಟದ ಸಾಮಾನು ಬಂದರೆ ಮಕ್ಸೂದ್ ಅವರಿಗೆ ಒಂದು ಫೋಟೋ ಇದೆ ಬನ್ನಿ ಎಂದು ಫೋನು ಮಾಡುತ್ತಾನೆ. ನನ್ನ ಹೆಸರನ್ನು ತೆಗೆದೆವು. ಆ ದಿನದ ನಂತರ ನನ್ನ ಮುಂದೆ ಸ್ಲೇಟುಗಳು ಸರಿಯಾಗಿ ನಡೆದುಕೊಳ್ಳುತ್ತಿಲ್ಲ. ಪಕ್ಕದ ಬೀದಿಯವರ ಮಿಕ್ಸಿಗೆಂದು ಹೋದಾಗ ಬೆಲೆ ಅವರ ಬೆಲೆಗಿಂತಲೂ ಹೆಚ್ಚಾಯಿತು. ಆ ಮನೆಯಲ್ಲಿ ಯಾರು ರುಬ್ಬುತ್ತಾರೆ ಎಂದು ಯೋಚಿಸಿದ್ದು ನನ್ನದೇ ತಪ್ಪು. ಸುದ್ದಿ ಹರಡಿತು. ಭಾನುವಾರ ಗೇಟಿನ ಮುಂದೆ ಈಗ ಯಾರೂ ಇರುವುದಿಲ್ಲ. ಎಂಟರವರೆಗೆ ಮಲಗುತ್ತೇನೆ. ಖರ್ಚು ಮಾತ್ರ ಎರಡರಷ್ಟಾಗಿದೆ. ನಾನೇ ಬರೆದ ಆ್ಯಪ್ ತಿಂಗಳ ಕೊನೆಗೆ ನನಗೇ ಹಾಸಿಗೆ, ಕಾಲು ಎಂದು ಬುದ್ಧಿ ಹೇಳುತ್ತದೆ.

ಏಪ್ರಿಲಿನ ಒಂದು ಮಧ್ಯಾಹ್ನ ಬಸ್‌ಸ್ಟ್ಯಾಂಡಿಗೆ ಹೋದೆ. ನೇತ್ರ ಮಣೆಯ ಮೇಲೆ ನಿಂತು ಚಕ್ರ ತಿರುಗಿಸುತ್ತಿದ್ದಳು. ಗೆಜ್ಜೆಯ ಸದ್ದು ಟಿಕೆಟ್ ಕೌಂಟರಿನವರೆಗೂ ಕೇಳುತ್ತಿತ್ತು. ಅವಳ ಗಾಣಕ್ಕೂ ಒಂದು ಸ್ಲೇಟು ತೂಗುತ್ತಿತ್ತು, ಊರಿನ ನಿಯಮ ಅವಳಿಗೂ ಬಿಟ್ಟಿದ್ದಲ್ಲ. ನನ್ನ ಮುಂದಿನವನಿಗೆ ಹತ್ತು ರೂಪಾಯಿ, ಬಿಸಿಲಲ್ಲಿ ನಡೆದು ಬಂದ ಹೆಂಗಸಿಗೆ ಹದಿನೈದು. ನನ್ನ ಸರದಿ ಬಂತು. ಸ್ಲೇಟಿನ ಮೇಲೆ ತೊಂಬತ್ತು ಮೂಡಿತು.

ಹಿಂದೆ ನಿಂತಿದ್ದವರು ನಕ್ಕರು. ನೇತ್ರ ಮುಂದಕ್ಕೆ ಬಾಗಿ ಮೆಲ್ಲಗೆ, "ಅಕ್ಕ, ಸುಮ್ನೆ ಆ ಕಂಡಕ್ಟರ್ ಹತ್ರ ದುಡ್ಡು ಕೊಡಿ. ಅವರಿಗೆ ಸಿಹಿ ಆಗಲ್ಲ, ಎಂಟಕ್ಕೆ ತಂದ್ಕೊಡ್ತಾರೆ" ಎಂದಳು.

ನಾನು ಚೀಲ ತೆರೆದು ತೊಂಬತ್ತು ರೂಪಾಯಿ ಎಣಿಸಿ ಅವಳ ಕೈಗಿಟ್ಟೆ.

"ಶುಂಠಿ ಜಾಸ್ತಿ ಹಾಕು" ಎಂದೆ. ಲೋಟ ಕೈಗೆ ಬರುವವರೆಗೂ ಅವಳ ಮುಖ ನೋಡುತ್ತ ನಿಂತೆ.